ಗುಡ್ಡದ ದಾರಿಗೆ ಗ್ರಾವೆಲ್ ಸೈಕಲ್: ಮೊದಲು ಹಲ್ಲು ಎಣಿಸಿ

ಮಲೆನಾಡಿನ ಕಡೆ ಓಡಿಸಲು ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣು ದಾರಿಗೂ ಆಗುವ, ಬಾಗಿದ ಹ್ಯಾಂಡಲಿನ ಸೈಕಲ್) ಬೇಕು ಅಂತ ಬರುವವರು ಮೊದಲು ಮಾಡುವ ಕೆಲಸ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು. ಆಮೇಲೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕಾರ್ಬನ್ನಾ ಅಂತ ಕೇಳುತ್ತಾರೆ. ಗೇರಿನ ಮಾತು ಬಂದರೆ ಹದಿನಾರಾ, ಹದಿನೆಂಟಾ, ಇಪ್ಪತ್ತಾ ಎನ್ನುವಲ್ಲಿಗೆ ನಿಲ್ಲುತ್ತದೆ. ನಾನು ಸೈಕಲ್ ರಿಪೇರಿ, ಫಿಟಿಂಗ್ ಕೆಲಸ ಮಾಡುವವನು. ಕಡಿಮೆ ದುಡ್ಡಿನಲ್ಲಿ ಗುಡ್ಡಕ್ಕೆ ಸೈಕಲ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಇದನ್ನೆಲ್ಲ ಆಮೇಲೆ ನೋಡೋಣ, ಈ ಸೈಕಲ್ಲಿನ ಅತಿ ಹಗುರ ಗೇರ್ ಎಷ್ಟು ಹಗುರ ಅಂತ ಮೊದಲು ನೋಡಿ.

ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಪೆಡಲ್ ಹತ್ತಿರ ಇರುವ ಚೈನ್‌ರಿಂಗ್‌ಗಳಲ್ಲಿ ಚಿಕ್ಕದರ ಹಲ್ಲು ಎಣಿಸಿ. ಹಿಂದಿನ ಕ್ಯಾಸೆಟ್ಟಿನ, ಅಂದರೆ ಹಿಂಚಕ್ರದ ನಡುವಿನ ಹಲ್ಲುಚಕ್ರಗಳ ಗುಂಪಿನ, ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮುಂದೆ 34, ಹಿಂದೆ 28 ಇದ್ದರೆ 1.21. ಇದು ಸಾಮಾನ್ಯ ರೋಡ್ ಸೈಕಲ್ಲಿನ ಲೆಕ್ಕ. ಎರಡೂ ಕಡೆ 34 ಇದ್ದರೆ ಸರಿಯಾಗಿ 1. ಮುಂದೆ 30, ಹಿಂದೆ 34 ಆದರೆ 0.88. ಉತ್ತರ ಚಿಕ್ಕದಾದಷ್ಟೂ ಏರು ಸುಲಭ.

ಈ ಅಂಕಿ ಕಾಲಿಗೆ ಏನು ಮಾಡುತ್ತದೆ ನೋಡಿ. ಸವಾರರು 75 ಕಿಲೋ, ಸೈಕಲ್ 12 ಕಿಲೋ, ನೀರು, ಸಾಮಾನು 3 ಕಿಲೋ ಅಂತ ಇಟ್ಟುಕೊಳ್ಳಿ. ಒಟ್ಟು 90. ನೂರು ಮೀಟರ್ ಹೋಗುವಷ್ಟರಲ್ಲಿ ಹತ್ತು ಮೀಟರ್ ಏರುವ ದಾರಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರಿನ ಮುಳ್ಳಯ್ಯನಗಿರಿಗೆ ಹೋಗುವ ರಸ್ತೆಯಲ್ಲಿ ಇಂಥ ಏರು ಬೇಕಾದಷ್ಟಿವೆ. ಗೇರ್ ಅನುಪಾತ 1 ಇದ್ದು, ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 8 ಕಿಲೋಮೀಟರ್. ಆ ಏರಿನಲ್ಲಿ ಅಷ್ಟು ವೇಗ ಹಿಡಿಯಲು 200 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿ ಬೇಕು. ಅನುಪಾತ 0.75 ಇದ್ದರೆ ಅದೇ 60 ಸುತ್ತಿಗೆ ವೇಗ 6 ಕಿಲೋಮೀಟರ್, ಬೇಕಾಗುವ ಶಕ್ತಿ 160 ವ್ಯಾಟ್ ಆಸುಪಾಸು. ವಾರಕ್ಕೆ ಎರಡು ಮೂರು ದಿನ ತುಳಿಯುವ ಸಾಮಾನ್ಯ ಸವಾರರು 150, 160 ವ್ಯಾಟನ್ನು ಒಂದಷ್ಟು ಹೊತ್ತು ಹಿಡಿದಾರು. 200 ದಾಟಿದರೆ ಬಹಳ ಮಂದಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ. ಆಗ ಪೆಡಲ್ ಸುತ್ತು ನಲವತ್ತಕ್ಕೆ ಇಳಿಯುತ್ತದೆ, ಒಂದೊಂದು ತುಳಿತದ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ನೋವು ಅಂತ ನನ್ನ ಹತ್ತಿರ ಸೀಟಿನ ಎತ್ತರ ಸರಿ ಮಾಡಿಸಲು ಬರುವವರಲ್ಲಿ ಕೆಲವರ ಸೀಟು ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಗೇರಿನಲ್ಲಿ.

ಡಾಂಬರಿನ ಮೇಲಾದರೆ ಎದ್ದು ನಿಂತು ತುಳಿದು ಹೇಗೋ ಸುಧಾರಿಸಬಹುದು. ಜಲ್ಲಿ, ಕೆಮ್ಮಣ್ಣಿನ ಮೇಲೆ ಅದು ನಡೆಯುವುದಿಲ್ಲ. ಎದ್ದು ನಿಂತ ಕೂಡಲೇ ಮೈಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಟೈರಿನ ಹಿಡಿತ ತಪ್ಪಿ ಚಕ್ರ ಇದ್ದಲ್ಲೇ ತಿರುಗುತ್ತದೆ. ಮಣ್ಣು ದಾರಿಯ ಏರನ್ನು ಕೂತೇ ಹತ್ತಬೇಕು. ಗ್ರಾವೆಲ್ ಸೈಕಲ್ಲಿಗೆ ರೋಡ್ ಸೈಕಲ್ಲಿಗಿಂತ ಹಗುರ ಗೇರ್ ಬೇಕೇ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ತೂಕ. ಮೇಲಿನ ಲೆಕ್ಕದ 90 ಕಿಲೋದಲ್ಲಿ ಸೈಕಲ್ ಒಂದು ಕಿಲೋ ಕಡಿಮೆಯಾಯಿತು ಅಂದುಕೊಳ್ಳಿ. ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಸುಮಾರು 40 ಸೆಕೆಂಡು. ಆ ಒಂದು ಕಿಲೋ ಇಳಿಸಲು ಎಷ್ಟೋ ಸಾವಿರ ರೂಪಾಯಿ ಜಾಸ್ತಿ ಕೊಡಬೇಕು. ರೇಸಿಗೆ ಹೋಗುವವರಿಗೆ 40 ಸೆಕೆಂಡು ದೊಡ್ಡದು. ಭಾನುವಾರ ಕಾಫಿ ತೋಟದ ದಾರಿಯಲ್ಲಿ ಸುತ್ತಿ ಬರುವವರು ಅದೇ ದುಡ್ಡನ್ನು ಗೇರು, ಬ್ರೇಕು, ಟೈರಿಗೆ ಹಾಕುವುದು ಮೇಲು.

ಕಡಿಮೆ ಬೆಲೆಯ ಗ್ರಾವೆಲ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಬರುವುದು ಶಿಮಾನೊ ಕಂಪನಿಯ ಕ್ಲಾರಿಸ್ ಅಥವಾ ಸೋರಾ ಗೇರ್ ಸೆಟ್. ಕ್ಲಾರಿಸ್‌ನಲ್ಲಿ ಹಿಂದೆ 8 ಚಕ್ರ (ಇದಕ್ಕೇ 8 ಸ್ಪೀಡ್ ಅನ್ನುವುದು), ಸೋರಾದಲ್ಲಿ 9. ಮುಂದೆ ಸಾಮಾನ್ಯವಾಗಿ 50 ಮತ್ತು 34 ಹಲ್ಲಿನ ಜೋಡಿ. ಈ ಎರಡೂ ಗಟ್ಟಿ ಸೆಟ್‌ಗಳು, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ಆದರೆ 50 ಹಲ್ಲಿನ ರಿಂಗು ಮಣ್ಣು ದಾರಿಯಲ್ಲಿ ಸುಮ್ನೆ ಇರುತ್ತದೆ, 34 ಗುಡ್ಡಕ್ಕೆ ಭಾರವಾಗುತ್ತದೆ. ಗ್ರಾವೆಲ್‌ಗೆಂದೇ ಮಾಡಿದ ಶಿಮಾನೊ ಜಿಆರ್‌ಎಕ್ಸ್ ಸೆಟ್‌ನಲ್ಲಿ 46 ಮತ್ತು 30ರ ಜೋಡಿ ಸಿಗುತ್ತದೆ. ಬಜೆಟ್ಟಿಗೆ ಹೊಂದಿದರೆ ಅದು ಒಳ್ಳೆಯದು. ಮುಂದೆ ಒಂದೇ ರಿಂಗ್ ಇರುವ ಮೈಕ್ರೊಶಿಫ್ಟ್ ಅಡ್ವೆಂಟ್ ಎಕ್ಸ್ ಇನ್ನೊಂದು ದಾರಿ. ಅದರ ಕ್ಯಾಸೆಟ್ 11ರಿಂದ 48 ಹಲ್ಲಿನವರೆಗೆ ಹೋಗುತ್ತದೆ. ಮುಂದೆ 38 ಇದ್ದರೂ ಅನುಪಾತ 0.79ಕ್ಕೆ ಇಳಿಯುತ್ತದೆ. ಒಂದು ಗೇರಿಂದ ಇನ್ನೊಂದಕ್ಕೆ ಅಂತರ ಜಾಸ್ತಿ ಅನ್ನಿಸಬಹುದು. ಆದರೆ ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇಲ್ಲದ ಕಾರಣ ಮಳೆಗಾಲದಲ್ಲಿ ಕೆಸರು ಕಟ್ಟುವ ಒಂದು ಜಾಗವೇ ಕಡಿಮೆ. ಮಲೆನಾಡಿನವರಿಗೆ ನನ್ನ ಮೊದಲ ಆಯ್ಕೆ ಇದು.

ಈಗಾಗಲೇ ಕ್ಲಾರಿಸ್ ಅಥವಾ ಸೋರಾ ಸೈಕಲ್ ತೆಗೆದುಕೊಂಡವರು ಬೇಜಾರು ಮಾಡಿಕೊಳ್ಳಬೇಡಿ. ಶಿಮಾನೊದ 8 ಮತ್ತು 9 ಸ್ಪೀಡ್ ರೋಡ್ ಶಿಫ್ಟರ್‌ಗಳು (ಹ್ಯಾಂಡಲಿನಲ್ಲಿರುವ ಗೇರ್ ಲಿವರ್‌ಗಳು) ಕೇಬಲ್ ಎಳೆಯುವ ಅಳತೆಯೂ 9 ಸ್ಪೀಡ್ ಮೌಂಟನ್ ಡಿರೇಲರಿನ ಅಳತೆಯೂ ಒಂದೇ. ಆದ್ದರಿಂದ ಹಿಂದೆ ಶಿಮಾನೊದ 9 ಸ್ಪೀಡಿನ ಅಲಿವಿಯೊ ಮೌಂಟನ್ ಡಿರೇಲರ್ ಹಾಕಿ, 36 ಹಲ್ಲಿನವರೆಗೆ ಹೋಗುವ ಕ್ಯಾಸೆಟ್ ಕೂರಿಸಬಹುದು. ಚೈನ್ ಸ್ವಲ್ಪ ಉದ್ದ ಬೇಕಾಗುತ್ತದೆ, ಹೊಸದನ್ನೇ ಹಾಕಿಸಿ. 34 ಭಾಗ 36, ಅಂದರೆ 0.94. ಇನ್ನೂ ಬೇಕೆಂದರೆ ಮುಂದಿನ ಕ್ರ್ಯಾಂಕನ್ನು (ಪೆಡಲ್ ತೋಳು, ಚೈನ್‌ರಿಂಗ್‌ಗಳ ಜೋಡಣೆ) 46 ಮತ್ತು 30ಕ್ಕೆ ಬದಲಾಯಿಸಿ, 0.83ಕ್ಕೆ ಬರುತ್ತೀರಿ. 10 ಸ್ಪೀಡ್ ಸೆಟ್‌ಗಳಲ್ಲಿ ರೋಡಿನದಕ್ಕೂ ಮೌಂಟನ್ನಿನದಕ್ಕೂ ಸಾಮಾನ್ಯವಾಗಿ ಹೊಂದುವುದಿಲ್ಲ. ಆದ್ದರಿಂದ ಕೇಳದೆ ಭಾಗ ತರಿಸಬೇಡಿ.

ಹತ್ತುವುದಕ್ಕೆ ಗೇರ್ ಎಷ್ಟು ಮುಖ್ಯವೋ ಇಳಿಯುವುದಕ್ಕೆ ಬ್ರೇಕ್ ಅಷ್ಟೇ ಮುಖ್ಯ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಮಳೆಯಲ್ಲಿ ಇಳಿಯುವುದನ್ನು ನೆನೆಸಿಕೊಳ್ಳಿ. ಡಿಸ್ಕ್ ಬ್ರೇಕ್ ಇರಲೇಬೇಕು, ಅದರಲ್ಲಿ ಚರ್ಚೆ ಇಲ್ಲ. ಹೈಡ್ರಾಲಿಕ್ ಇದ್ದರೆ ಬೆರಳಿಗೆ ಶ್ರಮ ಕಡಿಮೆ, ಪ್ಯಾಡ್ ಸವೆದಂತೆ ತಾನೇ ಸರಿಹೊಂದಿಕೊಳ್ಳುತ್ತದೆ. ಕಡಿಮೆ ಬೆಲೆಯ ಸೈಕಲ್ಲಿಗೆ ಹೆಚ್ಚಾಗಿ ಕೇಬಲ್ ಡಿಸ್ಕ್ ಬ್ರೇಕ್ ಬರುತ್ತದೆ. ಅದರಲ್ಲೂ ಎರಡು ಬಗೆ. ಒಂದರಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸಿ ಡಿಸ್ಕನ್ನು ಇನ್ನೊಂದು ಕಡೆಗೆ ಒತ್ತುತ್ತದೆ. ಇನ್ನೊಂದರಲ್ಲಿ ಎರಡೂ ಕಡೆಯಿಂದ ಒತ್ತುತ್ತದೆ, ಟಿಆರ್‌ಪಿ ಸ್ಪೈರ್ ಈ ಬಗೆಯದು. ಎರಡನೆಯದು ಸಿಕ್ಕರೆ ಬಿಡಬೇಡಿ. ನಮ್ಮ ಕೆಮ್ಮಣ್ಣಿನ ಕೆಸರು ಡಿಸ್ಕಿಗೆ ಹತ್ತಿದರೆ ಉಜ್ಜುಕಾಗದದಂತೆ ಪ್ಯಾಡನ್ನು ತಿನ್ನುತ್ತದೆ. ಮೆತ್ತನೆಯ ರೆಸಿನ್ ಪ್ಯಾಡ್ ಮಳೆಗಾಲದಲ್ಲಿ ನೀವು ಎಣಿಸಿದ್ದಕ್ಕಿಂತ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ಅಗ್ಗದ ಕೆಲವು ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಹಾಕಿ ಅಂತ ಬರೆದಿರುತ್ತದೆ. ಅಂಥ ಡಿಸ್ಕಿಗೆ ಮೆಟಲ್ ಪ್ಯಾಡ್ ಹಾಕಿದರೆ ಡಿಸ್ಕೇ ಹಾಳು. ಕೈ ಚಿಕ್ಕದಿರುವವರು ಬ್ರೇಕ್ ಲಿವರ್ ಬೆರಳಿಗೆ ಎಟುಕುತ್ತದೆಯೇ ಅಂತ ಬಾಗಿದ ಹ್ಯಾಂಡಲಿನ ಕೆಳಭಾಗ ಹಿಡಿದು ನೋಡಬೇಕು. ಬಹಳ ಲಿವರ್‌ಗಳನ್ನು ಒಂದು ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತರಬಹುದು. ಅಂಗಡಿಯವರು ತಾವಾಗಿ ಮಾಡಿಕೊಡದಿದ್ದರೆ ನೀವೇ ಕೇಳಿ.

ಟೈರ್ 40 ಮಿಲಿಮೀಟರ್ ಅಗಲ ಇರಲಿ. ಫ್ರೇಮಿನಲ್ಲಿ 45 ಹಿಡಿಯುವಷ್ಟು ಜಾಗ ಇದ್ದರೆ ಕೆಸರು ಸಿಕ್ಕಿ ಚಕ್ರ ಕಚ್ಚಿಕೊಳ್ಳುವುದಿಲ್ಲ. ಗಾಳಿಯನ್ನು ಕಲ್ಲಿನಂತೆ ಗಟ್ಟಿ ತುಂಬುವ ಅಭ್ಯಾಸ ಬಿಡಿ. 75 ಕಿಲೋ ಸವಾರರಿಗೆ ಟ್ಯೂಬ್ ಇರುವ 40ರ ಟೈರಿನಲ್ಲಿ 35ರಿಂದ 40 ಪಿಎಸ್‌ಐ ಸಾಕು. ಜಲ್ಲಿಯ ಮೇಲೆ ಹಿಡಿತವೂ ಸಿಗುತ್ತದೆ, ಕೈಗೆ ಕುಲುಕಾಟವೂ ಕಡಿಮೆ.

ಫ್ರೇಮ್ ಅಲ್ಯೂಮಿನಿಯಂ ಇದ್ದರೆ ಸಾಕು. ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸಲು ತೂತುಗಳಿವೆಯೇ ನೋಡಿ. ಪೆಡಲ್ ತಿರುಗುವ ಜಾಗದ ಬೇರಿಂಗ್ ತಿರುಪು ಹಾಕಿ ಕೂರಿಸುವ ಬಗೆಯದ್ದಾಗಿದ್ದರೆ ಮಳೆನೀರು ಹೊಕ್ಕರೂ ಬದಲಾಯಿಸುವುದು ಸುಲಭ. ನಿಮ್ಮ ದಾರಿ ಜೀಪು ಮಾತ್ರ ಹೋಗುವಂಥ, ಮುಷ್ಟಿ ಗಾತ್ರದ ಕಲ್ಲಿನ ದಾರಿಯೇ ಆಗಿದ್ದರೆ ಗ್ರಾವೆಲ್ ಬೇಡ. ಅದೇ ಬೆಲೆಗೆ ಒಳ್ಳೆಯ ಮೌಂಟನ್ ಸೈಕಲ್ ಬರುತ್ತದೆ, ಗೇರೂ ಇನ್ನಷ್ಟು ಹಗುರ.

ಇನ್ನೊಂದು ಸಣ್ಣ ಭಾಗದ ಬಗ್ಗೆ ಹೇಳಲೇಬೇಕು. ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ತುಂಡಿಗೆ ಹ್ಯಾಂಗರ್ ಅನ್ನುತ್ತಾರೆ. ಸೈಕಲ್ ಬಿದ್ದಾಗ ಫ್ರೇಮ್ ಉಳಿಯಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರೆ, ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಒಂದು ಮಾಡೆಲ್ಲಿನದು ಇನ್ನೊಂದಕ್ಕೆ ಕೂರುವುದು ಕಡಿಮೆ. ಸಕಲೇಶಪುರದಲ್ಲೋ ಕೊಪ್ಪದಲ್ಲೋ ಮುರಿದರೆ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಬಿಲ್ ಹಾಕಿಸುವಾಗಲೇ ಅದೇ ಮಾಡೆಲ್ಲಿನ ಇನ್ನೊಂದು ಹ್ಯಾಂಗರ್ ತೆಗೆದುಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಅದನ್ನು ಬಿಚ್ಚುವ ಅಲೆನ್ ಕೀಯೂ ಜೊತೆಗಿರಲಿ.