ಸ್ಕ್ರೂ ಹೋಗಿ ಅಂಟು ಬಂದ ಕಥೆ

ನನ್ನ ತಂತಿಯಿಲ್ಲದ ಇಯರ್‌ಫೋನ್ ಎರಡು ವರ್ಷ ಚೆನ್ನಾಗಿಯೇ ಹಾಡಿತು. ಆಮೇಲೆ ಅರ್ಧ ಗಂಟೆಗೇ ದಣಿಯತೊಡಗಿತು. ಬ್ಯಾಟರಿ ಸೊರಗಿದೆ, ಬದಲಿಸಿದರಾಯಿತು ಎಂದುಕೊಂಡು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದೆ. ಎಲ್ಲೂ ಒಂದು ಸ್ಕ್ರೂ ಇಲ್ಲ. ಎರಡು ಪ್ಲಾಸ್ಟಿಕ್ ಚಿಪ್ಪುಗಳು ಕೂಡುವಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ಅದರೊಳಗೆ ಉಗುರು ತೂರಲಿಲ್ಲ. ಬ್ಲೇಡು ತೂರಿತು, ತೂರಿದ್ದೇ ತಡ ಚಿಪ್ಪು ಬಿರುಕು ಬಿಟ್ಟಿತು. ಒಳಗೆ ಅಂಗಿಯ ಗುಂಡಿಯಷ್ಟು ದೊಡ್ಡದಾದ ಬ್ಯಾಟರಿ, ಅದರ ಸುತ್ತ ಕಲ್ಲಿನಂತೆ ಗಟ್ಟಿಯಾದ ಅಂಟು. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು ಎಂಬುದು ನೆನಪಾಗಿ ಕೈ ಹಿಂದೆಗೆದೆ. ಅದೇ ಮೇಜಿನ ಖಾನೆಯಲ್ಲಿ ಅಪ್ಪನ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದೆ. ಅದರ ಬೆನ್ನಿನ ಎರಡು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲವೂ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ.

ಈ ಎರಡು ವಸ್ತುಗಳ ನಡುವಿನ ದೂರವನ್ನು ನಾವು 'ತಂತ್ರಜ್ಞಾನದ ಪ್ರಗತಿ' ಎಂದು ಕರೆದು ಸುಮ್ಮನಾಗುತ್ತೇವೆ. ಸುಸ್ಥಿರ ವಿನ್ಯಾಸದ ಚರ್ಚೆಯಲ್ಲೂ ಮಾತು ಬೇಗನೆ ಕಚ್ಚಾ ವಸ್ತುವಿನ ಕಡೆಗೆ ಹೊರಳುತ್ತದೆ: ಪ್ಲಾಸ್ಟಿಕ್ ಬೇಡ, ಬಿದಿರು ಇರಲಿ, ಕಾಗದದ ಪೆಟ್ಟಿಗೆ ಇರಲಿ. ಅದು ಮುಖ್ಯವಲ್ಲ ಎನ್ನುತ್ತಿಲ್ಲ. ಆದರೆ ಒಂದು ವಸ್ತು ಎಷ್ಟು ಕಾಲ ಬಾಳುತ್ತದೆ, ಕೆಟ್ಟ ಮೇಲೆ ಏನಾಗುತ್ತದೆ ಎಂಬುದು ಬಹುಮಟ್ಟಿಗೆ ಅದರ ಭಾಗಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದರಲ್ಲೇ ತೀರ್ಮಾನವಾಗಿರುತ್ತದೆ. ಆ ಜೋಡಣೆಗೆ ತನ್ನದೇ ಆದ ಚರಿತ್ರೆಯಿದೆ.

ಅದು ಸ್ಕ್ರೂವಿನಿಂದಲೇ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂಡುತ್ತಿರಲಿಲ್ಲ. ಪ್ರತಿ ಕಾರ್ಯಾಗಾರವೂ ತನಗೆ ತೋಚಿದ ಅಳತೆಯಲ್ಲಿ ಸ್ಕ್ರೂವಿನ ಸುರುಳಿ ಗೆರೆ ಕೊರೆಯುತ್ತಿತ್ತು. ಬೋಲ್ಟು ಕಳೆದುಹೋದರೆ ಮೂಲ ಕಾರ್ಖಾನೆಗೇ ಹೋಗಬೇಕು, ಇಲ್ಲವೇ ಹೊಸದಾಗಿ ಕೊರೆಸಬೇಕು. 1841ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಅಳತೆಯ ಸುರುಳಿ ಗೆರೆ ಇರಲಿ ಎಂದು ಮಂಡಿಸಿದರು. 55 ಡಿಗ್ರಿ ಕೋನ, ವ್ಯಾಸಕ್ಕೆ ತಕ್ಕಂತೆ ಇಂಚಿಗೆ ಇಷ್ಟೇ ಸುತ್ತು ಎಂಬ ಲೆಕ್ಕ. ಕೇಳಲು ಸಪ್ಪೆಯಾದ ಈ ಲೆಕ್ಕವನ್ನು ನಾನು ಸುಸ್ಥಿರ ಎಂಜಿನಿಯರಿಂಗ್‌ನ ಮೊದಲ ದೊಡ್ಡ ಹೆಜ್ಜೆ ಎಂದೇ ಎಣಿಸುತ್ತೇನೆ. ತಯಾರಿಸಿದವನನ್ನು ಕೇಳದೆಯೇ ವಸ್ತುವನ್ನು ದುರಸ್ತಿ ಮಾಡುವ ಶಕ್ತಿ ಅಪರಿಚಿತರ ಕೈಗೂ ಬಂದದ್ದು ಇಂತಹ ಸಾಮಾನ್ಯ ಅಳತೆಗಳಿಂದ.

ಆದರೆ ಬಾಳಿಕೆ ಎಲ್ಲರಿಗೂ ಬೇಕಾಗಿರಲಿಲ್ಲ. 1924ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಸೇರಿ ಫೀಬಸ್ ಎಂಬ ಒಕ್ಕೂಟ ಕಟ್ಟಿಕೊಂಡರು. 1,500ರಿಂದ 2,000 ಗಂಟೆ ಉರಿಯುತ್ತಿದ್ದ ಬಲ್ಬನ್ನು 1,000 ಗಂಟೆಗೆ ಇಳಿಸಬೇಕೆಂಬುದು ಅವರ ಒಪ್ಪಂದಗಳಲ್ಲೊಂದು. ಇದರ ಪರವಾಗಿ ಒಂದು ತಾಂತ್ರಿಕ ವಾದವೂ ಇದೆ. ತಂತು ಹೆಚ್ಚು ಬಿಸಿಯಾದಷ್ಟೂ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬೆಳಕು ಸಿಗುತ್ತದೆ, ಆದರೆ ತಂತು ಬೇಗ ಸವೆಯುತ್ತದೆ. ಆ ವಾದವನ್ನು ಒಪ್ಪಿಕೊಳ್ಳಬಹುದಿತ್ತು. ಆದರೆ ಒಕ್ಕೂಟವು ಸದಸ್ಯರ ಬಲ್ಬುಗಳನ್ನು ಪರೀಕ್ಷಿಸಿ, ನಿಗದಿಗಿಂತ ಹೆಚ್ಚು ಕಾಲ ಉರಿದವುಗಳಿಗೆ ದಂಡ ವಿಧಿಸುತ್ತಿತ್ತು. ಚೆನ್ನಾಗಿ ಮಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡ ಎಂಜಿನಿಯರನ ಮನಸ್ಸು ಹೇಗಿದ್ದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಅದೇ ದಶಕದಲ್ಲಿ ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ವರ್ಷ ವರ್ಷವೂ ಕಾರಿನ ರೂಪ ಬದಲಿಸುವ ಪದ್ಧತಿ ತಂದರು. ಬಲ್ಬು ಕೆಟ್ಟು ಹಳತಾಯಿತು, ಕಾರು ಕೆಡದೆಯೇ ಹಳತಾಯಿತು.

ಇದಕ್ಕೆ ಎದುರುತ್ತರ ಎರಡು ದಿಕ್ಕಿನಿಂದ ಬಂತು. ವಿನ್ಯಾಸಕಾರರೊಳಗಿಂದಲೇ ವಿಕ್ಟರ್ ಪಾಪನೆಕ್ 1971ರ ತಮ್ಮ ಪುಸ್ತಕದಲ್ಲಿ, ಕೈಗಾರಿಕಾ ವಿನ್ಯಾಸಕ್ಕಿಂತ ಹೆಚ್ಚು ಹಾನಿ ಮಾಡುವ ವೃತ್ತಿಗಳು ಇವೆಯಾದರೂ ಬೆರಳೆಣಿಕೆಯಷ್ಟು ಮಾತ್ರ ಎಂದು ಸ್ವಂತ ವೃತ್ತಿಯ ಮುಖಕ್ಕೇ ಹೇಳಿದರು. ಇನ್ನೊಂದು ಉತ್ತರ ಬಂದದ್ದು ಲೆಕ್ಕದ ಪುಸ್ತಕದಿಂದ. 1969ರಲ್ಲಿ ಕೋಕಾ ಕೋಲಾ ಕಂಪನಿ ತನ್ನ ಪಾನೀಯವನ್ನು ಯಾವ ಬಗೆಯ ಡಬ್ಬಿ, ಬಾಟಲಿಗಳಲ್ಲಿ ತುಂಬಿದರೆ ಎಷ್ಟು ಕಚ್ಚಾ ವಸ್ತು, ಎಷ್ಟು ಇಂಧನ, ಎಷ್ಟು ತ್ಯಾಜ್ಯ ಎಂದು ಅಮೆರಿಕದ ಮಿಡ್‌ವೆಸ್ಟ್ ಸಂಶೋಧನಾ ಸಂಸ್ಥೆಯಿಂದ ಲೆಕ್ಕ ಹಾಕಿಸಿತು. ಗಣಿಯಿಂದ ಗುಜರಿಯವರೆಗೆ ವಸ್ತುವಿನ ಇಡೀ ಬಾಳನ್ನು ಅಳೆಯುವ ಈ ವಿಧಾನವೇ ಮುಂದೆ 'ಜೀವನಚಕ್ರ ವಿಶ್ಲೇಷಣೆ'ಯಾಗಿ ಬೆಳೆದು, 1997ರಲ್ಲಿ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಊಹೆಗೆ ನಿಲುಕದ ಸಂಗತಿಗಳನ್ನು ಅದು ತೋರಿಸಿಕೊಟ್ಟಿತು. ಬಟ್ಟೆ ಒಗೆಯುವ ಯಂತ್ರ ಪರಿಸರಕ್ಕೆ ಹೊರಿಸುವ ಹೊರೆಯಲ್ಲಿ ನೀರು ಕಾಯಿಸುವ ವಿದ್ಯುತ್ತಿನ ಪಾಲು ದೊಡ್ಡದು. ಮೊಬೈಲ್ ಫೋನಿನಲ್ಲಿ ಇದು ತಿರುಗುಮುರುಗು: ಅದು ನಮ್ಮ ಕೈ ಸೇರುವ ಹೊತ್ತಿಗೇ ತನ್ನ ಹಾನಿಯ ಬಹುಪಾಲನ್ನು ಮಾಡಿ ಮುಗಿಸಿರುತ್ತದೆ. ಹಾಗಾಗಿ ವಿದ್ಯುತ್ ನುಂಗುವ ಹಳೆಯ ಯಂತ್ರವನ್ನು ಬದಲಿಸುವುದು ಕೆಲವೊಮ್ಮೆ ಸರಿ, ಆದರೆ ನಡೆಯುತ್ತಿರುವ ಫೋನನ್ನು ಬದಲಿಸುವುದು ಸಾಮಾನ್ಯವಾಗಿ ನಷ್ಟವೇ.

ಈ ನಡುವೆ ಕಾರ್ಖಾನೆಯ ನೆಲದಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ನಡೆದಿತ್ತು. 1980ರ ದಶಕದಲ್ಲಿ ಜೆಫ್ರಿ ಬೂತ್ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ರೂಪಿಸಿದ 'ಜೋಡಣೆಗಾಗಿ ವಿನ್ಯಾಸ' ಎಂಬ ವಿಧಾನ ಎಲ್ಲೆಡೆ ಹರಡಿತು. ಪ್ರತಿ ಬಿಡಿಭಾಗಕ್ಕೂ ಅವರದು ಮೂರು ಪ್ರಶ್ನೆ. ಇದು ಉಳಿದ ಭಾಗಗಳಿಗೆ ಹೋಲಿಸಿದರೆ ಚಲಿಸಬೇಕೆ? ಬೇರೆ ವಸ್ತುವಿನದೇ ಆಗಿರಬೇಕೆ? ಉಳಿದವನ್ನು ಜೋಡಿಸಲು ಇದು ಬೇರೆಯಾಗಿಯೇ ಇರಬೇಕೆ? ಮೂರಕ್ಕೂ ಇಲ್ಲವೆಂದರೆ ಆ ಭಾಗವನ್ನು ಪಕ್ಕದ ಭಾಗದಲ್ಲೇ ಸೇರಿಸಿಬಿಡಬಹುದು. ಈ ಪರೀಕ್ಷೆಯಲ್ಲಿ ಮೊದಲು ಸೋತದ್ದು ಸ್ಕ್ರೂ. ಅದನ್ನು ಎತ್ತಿಕೊಳ್ಳಬೇಕು, ನೇರ ಹಿಡಿಯಬೇಕು, ತಿರುಗಿಸಬೇಕು, ಬಿಗಿಯಬೇಕು. ಅದರ ಜಾಗಕ್ಕೆ 'ಟಕ್' ಎಂದು ಕೂರುವ ಕ್ಲಿಪ್ ಬಂತು. ವೆಚ್ಚ ಇಳಿಯಿತು, ಸಾಮಗ್ರಿಯೂ ಉಳಿಯಿತು, ಅದು ಒಳ್ಳೆಯ ಎಂಜಿನಿಯರಿಂಗೇ. ನನಗೆ ಕಾಡುವುದು ಆ ಪಟ್ಟಿಯಲ್ಲಿಲ್ಲದ ನಾಲ್ಕನೆಯ ಪ್ರಶ್ನೆ: ಇದು ಕೆಟ್ಟಾಗ ಹೊರತೆಗೆಯಬೇಕಾಗುತ್ತದೆಯೆ?

ಆ ಪ್ರಶ್ನೆಯನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಬಿಸಾಡುವ ಕ್ಯಾಮೆರಾ ಸಾಕ್ಷಿ. 1987ರಲ್ಲಿ ಕೊಡಕ್ ಕಂಪನಿ ಒಮ್ಮೆ ಮಾತ್ರ ಬಳಸುವ ಕ್ಯಾಮೆರಾ ತಂದಾಗ ಅದಕ್ಕಿಟ್ಟ ಹೆಸರೇ 'ಫ್ಲಿಂಗ್'. ಅಂದರೆ 'ಬೀಸಿ ಎಸೆ'. ಜನ ಸಿಟ್ಟಿಗೆದ್ದರು. ಮೊದಲಿನ ಮಾದರಿಗಳ ಕವಚವನ್ನು ಧ್ವನಿತರಂಗದ ಬೆಸುಗೆಯಿಂದ ಮುಚ್ಚಿದ್ದರಿಂದ ಒಡೆಯದೆ ತೆರೆಯುವಂತಿರಲಿಲ್ಲ. ಕಂಪನಿ ಅದನ್ನು ಮತ್ತೆ ವಿನ್ಯಾಸಕ್ಕೆ ಕೂರಿಸಿ ಬೆಸುಗೆಯ ಜಾಗದಲ್ಲಿ ಕ್ಲಿಪ್ ಇಟ್ಟಿತು. ಕವಚವನ್ನು ಪುಡಿಮಾಡಿ ಹೊಸ ಕವಚ, ಫ್ಲ್ಯಾಶ್ ಸರ್ಕ್ಯೂಟನ್ನು ಪರೀಕ್ಷಿಸಿ ಮತ್ತೊಂದು ಕ್ಯಾಮೆರಾಕ್ಕೆ. ಇಲ್ಲಿ ಇನ್ನೊಂದು ಅನುಕೂಲವೂ ಇತ್ತು. ಫಿಲ್ಮು ತೊಳೆಸಬೇಕಾದರೆ ಗ್ರಾಹಕ ಇಡೀ ಕ್ಯಾಮೆರಾವನ್ನೇ ಸ್ಟುಡಿಯೊಗೆ ತಂದು ಕೊಡಬೇಕು. ವಾಪಸು ತನ್ನಿ ಎಂದು ಯಾರನ್ನೂ ಬೇಡುವ ಅಗತ್ಯವಿರಲಿಲ್ಲ, ಕ್ಯಾಮೆರಾ ತಾನಾಗಿಯೇ ಹಿಂದಿರುಗುತ್ತಿತ್ತು. ಸ್ಟುಡಿಯೊದವರು ಅದನ್ನು ಕಂಪನಿಗೆ ಕಳುಹಿಸಿದರೆ ಅವರಿಗೂ ಸ್ವಲ್ಪ ಹಣ ಸಿಗುತ್ತಿತ್ತು. ಜೋಡಣೆ ಮತ್ತು ಹಿಂದಿರುಗುವ ದಾರಿ, ಎರಡನ್ನೂ ಒಟ್ಟಿಗೆ ಯೋಚಿಸಿದ್ದರಿಂದ ಬೈಗುಳಕ್ಕೆ ಗುರಿಯಾದ ವಸ್ತುವೇ ಮಾದರಿಯಾಯಿತು.

ಇದೇ ಕಾಲಕ್ಕೆ, 1990ರಲ್ಲಿ, ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ತಯಾರಕನ ಹೊಣೆ ಮಾರಾಟದೊಂದಿಗೆ ಮುಗಿಯಬಾರದು, ವಸ್ತುವಿನ ಕೊನೆಯವರೆಗೂ ವಿಸ್ತರಿಸಬೇಕು ಎಂಬ ತತ್ವ ಮುಂದಿಟ್ಟರು. ಗುಜರಿಯ ಖರ್ಚು ತನ್ನ ತಲೆಗೇ ಬಂದರೆ ತಯಾರಕ ಬಿಚ್ಚಲು ಸುಲಭವಾದ ವಸ್ತುವನ್ನೇ ಮಾಡುತ್ತಾನೆ ಎಂಬುದು ಅದರ ಹಿಂದಿನ ನಿರೀಕ್ಷೆ. ಮರುವರ್ಷ ಜರ್ಮನಿ ಪ್ಯಾಕಿಂಗ್ ಸಾಮಗ್ರಿಗೆ ಇಂತಹ ಕಾನೂನು ತಂದಿತು. ನಂತರ ಐರೋಪ್ಯ ಒಕ್ಕೂಟ ಕಾರುಗಳಿಗೂ ಎಲೆಕ್ಟ್ರಾನಿಕ್ ತ್ಯಾಜ್ಯಕ್ಕೂ ಅದನ್ನು ಅನ್ವಯಿಸಿತು. 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂಡಿಸುವ ಬೆಸುಗೆಯಲ್ಲಿನ ಸೀಸಕ್ಕೂ ನಿರ್ಬಂಧ ಬಂತು. 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿದ್ದ ತವರ-ಸೀಸದ ಬೆಸುಗೆಯ ಬದಲು ಸುಮಾರು 217 ಡಿಗ್ರಿಯಲ್ಲಿ ಕರಗುವ ಮಿಶ್ರಲೋಹಕ್ಕೆ ಇಡೀ ಉದ್ಯಮ ಹೊರಳಬೇಕಾಯಿತು. ಆಗುವುದಿಲ್ಲ ಎಂದು ಗೊಣಗಿದವರೂ ಮಾಡಿ ತೋರಿಸಿದರು.

ಆದರೆ ನಿರೀಕ್ಷೆ ಫಲಿಸಿದ್ದು ಅರ್ಧ ಮಾತ್ರ. ಇದಕ್ಕೆ ಕಾರಣ ಅಳತೆಗೋಲಿನಲ್ಲಿತ್ತು ಎಂಬುದು ನನ್ನ ತಿಳಿವಳಿಕೆ. ಗುರಿಗಳನ್ನು ತೂಕದಲ್ಲಿ ನಿಗದಿ ಮಾಡಿದರು: ಇಂತಿಷ್ಟು ಶೇಕಡಾ ತೂಕ ಮರುಸಂಸ್ಕರಣೆಯಾಗಬೇಕು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಸಿಕ್ಕಿದರೆ ತೂಕದ ಗುರಿಯ ಬಹುಭಾಗ ಮುಗಿಯಿತು. ಅದಕ್ಕೆ ವಸ್ತುವನ್ನು ಬಿಚ್ಚಬೇಕಿಲ್ಲ, ದೊಡ್ಡ ಯಂತ್ರದ ಹಲ್ಲಿಗೆ ಕೊಟ್ಟು ಚೂರು ಮಾಡಿ ಲೋಹಗಳನ್ನು ಯಂತ್ರದಿಂದಲೇ ಬೇರ್ಪಡಿಸಿದರೆ ಸಾಕು. ಅಲ್ಪ ತೂಕದ ಅಪರೂಪದ ಲೋಹಗಳು ಧೂಳಿನ ಪಾಲಾದವು. ಇನ್ನೂ ಐದು ವರ್ಷ ಬಾಳಬಹುದಾಗಿದ್ದ ಮೋಟರನ್ನು ಉಳಿಸಿದ್ದಕ್ಕೆ ಆ ಲೆಕ್ಕದಲ್ಲಿ ಪ್ರತ್ಯೇಕ ಅಂಕವಿರಲಿಲ್ಲ. ಹೀಗೆ ಮರುಸಂಸ್ಕರಣೆಯು ದುರಸ್ತಿಯ ಕುರ್ಚಿಯಲ್ಲಿ ಕುಳಿತುಬಿಟ್ಟಿತು.

ಅಂಟು ಒಳಗೆ ಬಂದದ್ದು ಈ ಹೊತ್ತಿನಲ್ಲಿ. ಫೋನು ತೆಳ್ಳಗಾಗಬೇಕು, ನೀರು ಒಳಗೆ ಹೋಗಬಾರದು, ಬಿದ್ದರೂ ಗಾಜು ಅಲುಗಬಾರದು. ಈ ಮೂರನ್ನೂ ಅಂಟು ಒಟ್ಟಿಗೇ ಸಾಧಿಸುತ್ತದೆ, ಹೀಗಾಗಿ ಅದನ್ನು ಬರೀ ಲಾಭಕೋರತನ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಸ್ಕ್ರೂ ಉಳಿದ ಕಡೆಯಲ್ಲೂ ಅದರ ತಲೆ ಬದಲಾಯಿತು. 2009ರಲ್ಲಿ ಆ್ಯಪಲ್ ತನ್ನ ಲ್ಯಾಪ್‌ಟಾಪಿನ ಬ್ಯಾಟರಿಗೆ ಐದು ದಳದ ಹೂವಿನಂತಹ ತಲೆಯ ಸ್ಕ್ರೂ ಹಾಕಿತು, ಮುಂದೆ ಫೋನಿಗೂ ಹಾಕಿತು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಆಗ ಸಾಮಾನ್ಯ ಅಂಗಡಿಗಳಲ್ಲಿ ಇರಲಿಲ್ಲ. ವಿಟ್‌ವರ್ತ್ ತೆರೆದ ಬಾಗಿಲಿಗೆ ಇದು ಬೀಗ.

ಕಾನೂನು ಕೊನೆಗೂ ಜೋಡಣೆಯ ಮೇಲೆಯೇ ಕಣ್ಣಿಟ್ಟದ್ದು ತೀರಾ ಈಚೆಗೆ. ಫ್ರಾನ್ಸ್ 2015ರಲ್ಲಿ ಬೇಕೆಂದೇ ಬಾಳಿಕೆ ಕುಗ್ಗಿಸುವುದನ್ನು ಅಪರಾಧವಾಗಿಸಿತು. 2021ರ ಜನವರಿಯಲ್ಲಿ ಅಲ್ಲಿ ಫೋನು, ಲ್ಯಾಪ್‌ಟಾಪ್ ಮೊದಲಾದವುಗಳ ಬೆಲೆಯ ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಎಂದು ದುರಸ್ತಿಯ ಅಂಕ ಹಾಕಬೇಕೆಂಬ ನಿಯಮ ಬಂತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೆ, ಅದರ ಬೆಲೆ ಎಷ್ಟು ಎಂಬುದೆಲ್ಲ ಆ ಅಂಕದಲ್ಲಿ ಸೇರಿತ್ತು. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ ಇನ್ನೂ ನೇರವಾಗಿದೆ. 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಸಣ್ಣ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಕೆದಾರರೇ ತೆಗೆದು ಹಾಕುವಂತಿರಬೇಕು. ಅಂಗಡಿಯಲ್ಲಿ ಸಿಗುವ ಉಪಕರಣ ಸಾಕಾಗಬೇಕು, ಬಿಸಿ ಮಾಡಬೇಕಾದ ಅಥವಾ ದ್ರಾವಕ ಸುರಿಯಬೇಕಾದ ಪ್ರಮೇಯ ಬರಬಾರದು. ಅಂಟಿನ ಹೆಸರೆತ್ತದೆಯೇ ಅಂಟಿನ ಬಗ್ಗೆ ಬರೆದ ನಿಯಮ ಅದು.

ಫೋನುಗಳಿಗೆ ಮಾತ್ರ ಬೇರೆಯ ದಾರಿಯೂ ಇದೆ. 2025ರ ಜೂನ್ 20ರಿಂದ ಜಾರಿಯಾದ ನಿಯಮದಂತೆ ಬ್ಯಾಟರಿಯು 1,000 ಬಾರಿ ಚಾರ್ಜ್ ಆದ ಮೇಲೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಂಡು, ಫೋನು ನೀರು-ಧೂಳನ್ನು ತಡೆಯುವಂತಿದ್ದರೆ, ಬ್ಯಾಟರಿ ಬದಲಿಸುವ ಕೆಲಸವನ್ನು ಪರಿಣತರಿಗೇ ಬಿಡಬಹುದು. ಬಾಳಿಕೆಯನ್ನು ಹೆಚ್ಚಿಸುವುದೋ, ಬಿಚ್ಚುವುದನ್ನು ಸುಲಭ ಮಾಡುವುದೋ ಎಂಬ ಆಯ್ಕೆಯನ್ನು ಎಂಜಿನಿಯರ್‌ಗೆ ಬಿಟ್ಟಂತಾಯಿತು. ಸಾವಿರ ಚಾರ್ಜ್ ಎಂದರೆ ದಿನಕ್ಕೊಮ್ಮೆಯಂತೆ ಎರಡು ವರ್ಷ ಒಂಬತ್ತು ತಿಂಗಳು. ಅದರ ಮರುದಿನವೂ ಆ ಫೋನಿನ ಪರದೆ, ಕ್ಯಾಮೆರಾ, ಚಿಪ್ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಹಾಗಾಗಿ ಎರಡರಲ್ಲಿ ನನ್ನ ಒಲವು ಸ್ಕ್ರೂವಿನ ಕಡೆಗೇ. ನನ್ನ ಇಯರ್‌ಫೋನಿನ ಬಿರುಕುಬಿಟ್ಟ ಚಿಪ್ಪಿನೊಳಗೆ ಸ್ಪೀಕರೂ ಮೈಕೂ ಹಾಗೇ ಚೆನ್ನಾಗಿವೆ. ಸತ್ತಿರುವುದು ಗುಂಡಿಯಷ್ಟು ದೊಡ್ಡ ಬ್ಯಾಟರಿ ಮಾತ್ರ.