ಕಾರ್ಡು ಹೋಯ್ತು, ಅಳತೆ ಉಳೀತು

ಫೋರ್ಟ್ರಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ ಕೋಡ್ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಎಡಗಡೆ ಬಿಟ್ಟ ಖಾಲಿ ಜಾಗ. ಆಜ್ಞೆಗಳೆಲ್ಲ ಏಳನೇ ಕಾಲಮ್‌ನಿಂದ (ಒಂದು ಅಕ್ಷರದ ಜಾಗಕ್ಕೆ ಒಂದು ಕಾಲಮ್) ಶುರುವಾಗಿ 72ರೊಳಗೆ ಮುಗಿಯಬೇಕು. ಯಾಕೆ ಅಂದರೆ, ಆಗ ಪ್ರೋಗ್ರಾಂ ಬರೆಯುತ್ತಿದ್ದದ್ದು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ. ಒಂದು ಕಾರ್ಡಿಗೆ 80 ಕಾಲಮ್. ಆದರೆ ಐಬಿಎಂ 704 ಯಂತ್ರ ಓದುತ್ತಿದ್ದದ್ದು 72 ಮಾತ್ರ. ಉಳಿದ ಎಂಟರಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದರು, ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಬೇಕಲ್ವಾ!

1953ರ ಕೊನೆಯಲ್ಲಿ ಐಬಿಎಂನ ಪ್ರೋಗ್ರಾಮರ್ ಜಾನ್ ಬ್ಯಾಕಸ್ ಈ ಭಾಷೆಯ ಯೋಜನೆಯನ್ನು ಕಂಪನಿಯ ಮುಂದಿಟ್ಟ. ಪ್ರೋಗ್ರಾಂ ಬರೆಯೋದೇ ತನಗೆ ಬೇಸರದ ಕೆಲಸವಾಗಿತ್ತು, ಸೋಮಾರಿತನದಿಂದಲೇ ಇದೆಲ್ಲ ಹುಟ್ಟಿತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಗಣಿತದ ಸೂತ್ರದ ಥರ ಬರೆದರೆ ಯಂತ್ರಕ್ಕೆ ಅರ್ಥವಾಗುವಂತೆ ಮಾಡೋದು ಅಷ್ಟೇನೂ ದೊಡ್ಡ ಸವಾಲಲ್ಲ. ನಿಜವಾದ ತಲೆನೋವು ವೇಗ. 704ಕ್ಕೂ ಮುಂಚಿನ ಯಂತ್ರಗಳಲ್ಲಿ ದಶಮಾಂಶದ ಲೆಕ್ಕವೇ ಎಷ್ಟು ನಿಧಾನ ಅಂದರೆ, ಅನುವಾದಿಸುವ ಸಾಫ್ಟ್‌ವೇರ್ ತಿನ್ನುವ ಸಮಯ ಅದರಲ್ಲಿ ಮುಚ್ಚಿಹೋಗುತ್ತಿತ್ತು. 704ರಲ್ಲಿ ಆ ಲೆಕ್ಕ ಹಾರ್ಡ್‌ವೇರ್‌ಗೇ ಬಂತು, ನೆಪ ಹೇಳೋಕೆ ದಾರಿ ಉಳಿಯಲಿಲ್ಲ. ಕೈಯಲ್ಲಿ ಬರೆದ ಕೋಡಿಗಿಂತ ನಿಧಾನವಾದರೆ ಯಾರೂ ಮುಟ್ಟಲ್ಲ ಅಂತ ತಂಡಕ್ಕೆ ಗೊತ್ತಿತ್ತು. ಹಾಗಾಗಿ ಕಂಪೈಲರ್, ಅಂದರೆ ಆ ಅನುವಾದಿಸುವ ಸಾಫ್ಟ್‌ವೇರ್ ಕಟ್ಟುವಾಗ ಶ್ರಮ ಜಾಸ್ತಿ ಹೋದದ್ದು ವೇಗಕ್ಕೇ. ಯಾವಾಗ ಮುಗಿಯುತ್ತೆ ಅಂದರೆ "ಇನ್ನಾರು ತಿಂಗಳು" ಅನ್ನುತ್ತಿದ್ದರಂತೆ. ಸಾಫ್ಟ್‌ವೇರ್‌ನವರ ಈ ಚಾಳಿ ಅವತ್ತಿನಿಂದಲೂ ಇದೆ ನೋಡಿ.

ಕೊನೆಗೆ 1957ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್ ಹತ್ತಿರದ ವೆಸ್ಟಿಂಗ್‌ಹೌಸ್ ಬೆಟಿಸ್ ಪ್ರಯೋಗಾಲಯಕ್ಕೆ ಸುಮಾರು ಎರಡು ಸಾವಿರ ಕಾರ್ಡುಗಳ ಡಬ್ಬವೊಂದು ಬಂತು. ಹೆಸರಿಲ್ಲ, ಸೂಚನೆಯೂ ಇಲ್ಲ. ಇದು ಫೋರ್ಟ್ರಾನೇ ಇರಬೇಕು ಅಂತ ಊಹಿಸಿ, ತಮ್ಮದೊಂದು ಪ್ರೋಗ್ರಾಂ ಜೊತೆ ಸುಮ್ನೆ ಯಂತ್ರಕ್ಕೆ ಕೊಟ್ಟರು. ಅದು ಮೊದಲು ಹೇಳಿದ್ದೇನು? ಆವರಣ ಚಿಹ್ನೆಯ ನಂತರ ಅಲ್ಪವಿರಾಮ ಹಾಕಿಲ್ಲ ಅಂತ! ತಿದ್ದಿ ಕೊಟ್ಟರೆ ಉತ್ತರ ಪುಟಗಟ್ಟಲೆ ಅಚ್ಚಾಗಿ ಬಂತು.

ಇನ್ನೊಂದು ತಮಾಷೆ. ಐ, ಜೆ, ಕೆ, ಎಲ್, ಎಂ, ಎನ್‌ನಿಂದ ಶುರುವಾಗುವ, ಪ್ರೋಗ್ರಾಂನಲ್ಲಿ ಸಂಖ್ಯೆಗಳಿಗೆ ಇಟ್ಟ ಹೆಸರೆಲ್ಲ ಪೂರ್ಣಾಂಕ, ಉಳಿದದ್ದೆಲ್ಲ ರಿಯಲ್, ಅಂದರೆ ದಶಮಾಂಶ. ಇಂಗ್ಲಿಷಿನ 'ಗಾಡ್' ಶುರುವಾಗೋದು 'ಜಿ'ಯಿಂದ. ಅದಕ್ಕೇ, ಪೂರ್ಣಾಂಕ ಅಂತ ಬೇರೆ ಘೋಷಿಸದಿದ್ದರೆ ದೇವರು ರಿಯಲ್ ಅನ್ನೋ ಜೋಕು ಹುಟ್ಟಿತು.

ನಮ್ಮಲ್ಲಿ 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಕಂಪ್ಯೂಟರ್ ಬಂದ ಮೇಲೆ ಫೋರ್ಟ್ರಾನ್ ಪಾಠ ಶುರುವಾಯಿತು. ಅಲ್ಲಿ ಕಲಿಸಿದ ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು.

ಫೋರ್ಟ್ರಾನ್ 90 ಬಂದಾಗ ಕಾಲಮ್‌ಗಳ ಕಟ್ಟುಪಾಡು ಕಡ್ಡಾಯ ಅಲ್ಲ ಅಂದರು. ಆದರೂ ಇವತ್ತು ಲೆಕ್ಕದ ಕೆಲಸಕ್ಕೆ ಎಲ್ಲರೂ ನೆಚ್ಚುವ ಲ್ಯಾಪ್ಯಾಕ್ ಅನ್ನೋ ಸಿದ್ಧ ಪ್ರೋಗ್ರಾಂಗಳ ಸಂಗ್ರಹದ ಮೂಲ ಕೋಡ್ ತೆಗೆದರೆ, ಮುಕ್ಕಾಲು ಪಾಲು ಕಡತಗಳಲ್ಲಿ ಎಡಗಡೆ ಅದೇ ಆರು ಖಾಲಿ ಜಾಗ.