ನಿಂತಲ್ಲೇ ಕೆಟ್ಟ ಪೆಟ್ರೋಲ್ ಪಿಕಪ್

ಕರಾವಳಿಯಲ್ಲಿ ಗಾಡಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ. ಅಂಕೋಲಾ, ಕುಮಟಾದ ತೋಟದ ಮನೆಗಳಲ್ಲಿ, ಶಿರಸಿ ಕಡೆ ಅಡಿಕೆ ಅಂಗಳದ ಬದಿಯಲ್ಲಿ, ಟಾರ್ಪಾಲ್ ಹೊದ್ದು ನಿಂತ ಹಳೆಯ ಪೆಟ್ರೋಲ್ ಜೀಪುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಹಿಂದಿನ ಸೀಟು ಕಿತ್ತು, ತೊಟ್ಟಿ ಕಟ್ಟಿಸಿ, ಗೊಬ್ಬರಕ್ಕೂ ಅಡಿಕೆ ಚೀಲಕ್ಕೂ ಪಿಕಪ್ ಮಾಡಿಕೊಂಡ ಗಾಡಿಗಳು. ಎರಡು ಮೂರು ಮಳೆಗಾಲ ಹಾಗೇ ಕಳೆದ ಮೇಲೆ ಮನೆಯವರಿಗೆ ಅದರ ನೆನಪಾಗುತ್ತದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯುತ್ತದೆ, ಆದರೆ ಮೈಯೆಲ್ಲ ನಡುಗುತ್ತದೆ. ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಒಂದೇ ಸಮ ಓಡುವುದಿಲ್ಲ, ನಡುನಡುವೆ ಉರಿ ತಪ್ಪಿ ಮಿಸ್ ಹೊಡೆಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮಿ ಆಫ್ ಆಗುತ್ತದೆ. ಆಗ ಸುತ್ತ ನಿಂತವರೆಲ್ಲ ಹೇಳುವ ಮಾತು ಒಂದೇ: ಕಾರ್ಬ್ಯುರೇಟರ್‌ನಲ್ಲಿ ಕಚರಾ ಸಿಕ್ಕಿದೆ, ಬಿಚ್ಚಿ.

ಕಾರ್ಬ್ಯುರೇಟರ್ ಎಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಅದನ್ನು ಬಿಚ್ಚಬೇಕಾಗಿ ಬರಬಹುದು. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಈಗಿನ ಎಂಜಿನ್‌ಗಳಲ್ಲಿ ಕಂಪ್ಯೂಟರ್ ಇದೆ, ಸೆನ್ಸರ್‌ಗಳಿವೆ. ಸಣ್ಣಪುಟ್ಟ ತಪ್ಪನ್ನು ಅವೇ ಸರಿದೂಗಿಸಿ ಮುಚ್ಚಿಬಿಡುತ್ತವೆ. ಕಾರ್ಬ್ಯುರೇಟರ್ ಎಂಜಿನ್ ಏನನ್ನೂ ಮುಚ್ಚಿಡುವುದಿಲ್ಲ. ಯಾವ ವೇಗದಲ್ಲಿ, ಯಾವ ಹೊತ್ತಿನಲ್ಲಿ ಅದು ತೊಂದರೆ ಕೊಡುತ್ತದೆ ಎನ್ನುವುದರಲ್ಲೇ ಯಾವ ಭಾಗ ಕೆಟ್ಟಿದೆ ಎನ್ನುವ ಉತ್ತರ ಇರುತ್ತದೆ.

ಮೊದಲು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ವಿಚಾರ. ಪೆಟ್ರೋಲ್ ಎಂದರೆ ಒಂದೇ ವಸ್ತುವಲ್ಲ. ಸುಮಾರು 4ರಿಂದ 12 ಕಾರ್ಬನ್ ಪರಮಾಣುಗಳಿರುವ ಬಗೆಬಗೆಯ ಹೈಡ್ರೋಕಾರ್ಬನ್‌ಗಳ ಬೆರಕೆ. ಅದರಲ್ಲಿ ಹಗುರವಾದವು ಮೊದಲು ಹಾರಿಹೋಗುತ್ತವೆ. ತಣ್ಣಗಿನ ಎಂಜಿನ್ ಬೇಗ ಹಿಡಿಯಲು ಬೇಕಾಗುವುದು ಅವೇ. ಉಳಿದದ್ದರಲ್ಲಿ ಒಲೆಫಿನ್ ಎನ್ನುವ ಗುಂಪಿನ ಅಣುಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ, ಒಂದಕ್ಕೊಂದು ಅಂಟಿಕೊಂಡು, ಹಲಸಿನ ಮೇಣದ ಹಾಗಿನ ಗೋಂದು ಆಗುತ್ತವೆ. ಕಾರ್ಬ್ಯುರೇಟರ್‌ನ ಕೆಳಗಿನ ಬಟ್ಟಲಲ್ಲಿ ನಿಂತ ಪೆಟ್ರೋಲ್ ಸ್ವಲ್ಪವೇ. ಅದು ಕೆಲವು ತಿಂಗಳಲ್ಲಿ ಪೂರ್ತಿ ಆರಿ, ಈ ಗೋಂದನ್ನು ಮಾತ್ರ ಬಿಟ್ಟುಹೋಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಪೆಟ್ರೋಲಿನ ಘಾಟಿನ ಬದಲು ವಾರ್ನಿಶ್ ವಾಸನೆ ಬಂದರೆ ಒಳಗಿನದ್ದು ಕೆಟ್ಟಿದೆ ಎಂದೇ ಲೆಕ್ಕ.

ಇನ್ನೊಂದು ಸಂಗತಿ ನೀರು. ನಮ್ಮ ದೇಶದ ಪೆಟ್ರೋಲಿನಲ್ಲಿ 2022ರ ಹೊತ್ತಿಗೆ ಶೇಕಡಾ 10, 2025ರ ಹೊತ್ತಿಗೆ ಶೇಕಡಾ 20 ಎಥನಾಲ್ ಬೆರೆಯಿತು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಗಾಳಿಯ ತೇವಾಂಶ ಶೇಕಡಾ 85 ದಾಟುವುದು ಸಾಮಾನ್ಯ. ಅರ್ಧ ಖಾಲಿ ಟ್ಯಾಂಕ್ ಹಗಲಿನ ಬಿಸಿಗೆ ಗಾಳಿಯನ್ನು ಹೊರಗೆ ಬಿಡುತ್ತದೆ, ರಾತ್ರಿಯ ತಂಪಿಗೆ ಒದ್ದೆ ಗಾಳಿಯನ್ನು ಒಳಗೆ ಎಳೆಯುತ್ತದೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿ.ಲೀ. ನೀರನ್ನು ತನ್ನೊಳಗೆ ಕರಗಿಸಿಟ್ಟುಕೊಳ್ಳಬಲ್ಲದು. ಅದಕ್ಕಿಂತ ಜಾಸ್ತಿಯಾದರೆ ನೀರು ಎಥನಾಲನ್ನೂ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ ಅಲ್ವಾ? ಹಾಗಾಗಿ ಎಂಜಿನ್‌ಗೆ ಮೊದಲು ಸಿಗುವುದು ಉರಿಯದ ಈ ನೀರು. ಟ್ಯಾಂಕಿನ ಉಕ್ಕಿಗೆ ತುಕ್ಕು ಹಿಡಿಸುವುದೂ ಅದೇ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಅಲುಗಿಸದೆ ಇಡಿ. ಎರಡು ಪದರ ಕಂಡರೆ, ಅಥವಾ ಕಂದು ಬಣ್ಣವೂ ತುಕ್ಕಿನ ಪುಡಿಯೂ ಕಂಡರೆ, ಪೂರ್ತಿ ತೆಗೆದುಬಿಡಿ. ಈ ಕೆಲಸವನ್ನು ಬಯಲಲ್ಲಿ ಮಾಡಿ, ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿಯುತ್ತದೆ. ನಮ್ಮ ಕಡೆ ಮನೆಗಳ ಬಚ್ಚಲ ಒಲೆಯಲ್ಲಿ ಇಡೀ ದಿನ ಕೆಂಡ ಇರುತ್ತದೆ, ಇದನ್ನು ದಯವಿಟ್ಟು ಮರೆಯಬೇಡಿ. ತೆಗೆದ ಪೆಟ್ರೋಲನ್ನು ಮಣ್ಣಿಗೆ ಸುರಿಯುವುದೂ ಬೇಡ. ಚಿರೆಕಲ್ಲಿನ ನೆಲ ತೂತುತೂತಾಗಿರುತ್ತದೆ, ಸುರಿದದ್ದು ಬಾವಿಯ ನೀರಿಗೆ ಸೇರಬಹುದು. ಮುಚ್ಚಳ ಗಟ್ಟಿಯಿರುವ ಕ್ಯಾನಿಗೆ ತುಂಬಿ ಗ್ಯಾರೇಜಿನವರಿಗೆ ಕೊಡಿ. ಹಳೆಯ ರಬ್ಬರ್ ಪೈಪುಗಳನ್ನೂ ಫಿಲ್ಟರನ್ನೂ ಸುಮ್ನೆ ಬದಲಿಸಿಬಿಡಿ, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಎಂಜಿನ್ ಆಯಿಲ್‌ನ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು ಮಟ್ಟವೂ ಏರಿದ್ದರೆ, ಪೆಟ್ರೋಲ್ ಪಂಪಿನ ಒಳಗಿನ ಪೊರೆ ಹರಿದಿರಬಹುದು. ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಬಾರದು.

ಆಮೇಲೆ ಪೆಟ್ರೋಲ್ ಹೊತ್ತಿಸುವ ಕಿಡಿ. ಕಾರ್ಬ್ಯುರೇಟರ್ ಮೇಲೆ ಹೊರಿಸುವ ಆರೋಪಗಳಲ್ಲಿ ಎಷ್ಟೋ ಇಲ್ಲಿಗೆ ಸೇರಿದವು. ಮೆಕ್ಯಾನಿಕ್‌ಗಳು ಡೆಲ್ಕೋ ಎಂದು ಕರೆಯುವ, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ಪಾಯಿಂಟುಗಳಿವೆ. ಅವು ಕೂಡಿ ಬಿಡಿಸಿಕೊಂಡಾಗಲೆಲ್ಲ ಕಾಯಿಲ್ ಎನ್ನುವ ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಗಾಡಿ ಓಡುತ್ತಿದ್ದರೆ ಆ ಮುಖಗಳು ತಮ್ಮಷ್ಟಕ್ಕೆ ಚೊಕ್ಕವಾಗಿರುತ್ತವೆ. ನಿಂತ ಗಾಡಿಯಲ್ಲಿ ಒದ್ದೆ ಉಪ್ಪುಗಾಳಿ ಅವುಗಳ ಮೇಲೆ ತೆಳು ಪೊರೆ ಕಟ್ಟುತ್ತದೆ. 12 ವೋಲ್ಟ್ ಆ ಪೊರೆಯನ್ನು ಸರಿಯಾಗಿ ದಾಟಲಾರದು. ಕಿಡಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ನಯವಾದ ಉಜ್ಜುಕಾಗದದಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಅಂತರ ನೋಡಿ. ಹಳೆಯ ಜೀಪುಗಳ 2.2 ಲೀಟರಿನ ಹರಿಕೇನ್ ಎಂಜಿನ್‌ನಲ್ಲಿ ಪಾಯಿಂಟಿನ ಅಂತರ ಸುಮಾರು 0.5 ಮಿ.ಮೀ., ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿನದು ಸುಮಾರು 0.75 ಮಿ.ಮೀ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಕೈ ತಾಗಿಸದೆ, ಓಡುತ್ತಿರುವ ಎಂಜಿನ್ ನೋಡಿ. ಸೀಳಿದ ಪ್ಲಗ್ ತಂತಿ, ಇಲಿ ಕಚ್ಚಿದ ತಂತಿ, ತೇವ ಹಿಡಿದ ಡೆಲ್ಕೋ ಮುಚ್ಚಳ ಇದ್ದರೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ತಂತಿಗಳನ್ನು ಮತ್ತೆ ಹಾಕುವಾಗ ಸಿಲಿಂಡರುಗಳ ಕ್ರಮ 1-3-4-2. ಇಲ್ಲಿ ಎರಡು ಅದಲುಬದಲಾದರೂ ಎಂಜಿನ್ ಅಡ್ಡಾದಿಡ್ಡಿ ನಡುಗುತ್ತದೆ.

ಈ ಎಂಜಿನ್‌ಗೆ ಇನ್ನೊಂದು ವಿಶೇಷ ಇದೆ. ಗಾಳಿ ಬರುವ ವಾಲ್ವ್ ಮೇಲೆ, ಹೊಗೆ ಹೋಗುವ ವಾಲ್ವ್ ಕೆಳಗೆ ಬ್ಲಾಕಿನೊಳಗೆ. ವರ್ಷಗಟ್ಟಲೆ ನಿಂತಾಗ ಈ ಕೆಳಗಿನ ವಾಲ್ವ್ ತುಕ್ಕಿಗೆ ಅಂಟಿ ತೆರೆದೇ ಉಳಿಯುವುದುಂಟು. ಆಗ ಒಂದೇ ಸಿಲಿಂಡರ್ ಲಯಬದ್ಧವಾಗಿ ಮಿಸ್ ಹೊಡೆಯುತ್ತದೆ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಟ್ಟರೆ ಆ ಒಂದರಲ್ಲಿ ಮಾತ್ರ ಮುಳ್ಳು ಏಳುವುದಿಲ್ಲ. ಅಲ್ಲಿ ಕಾರ್ಬ್ಯುರೇಟರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ನಡುಕ ನಿಲ್ಲದಿದ್ದರೆ, ಈಗ ಕಾರ್ಬ್ಯುರೇಟರ್ ಮಾತು ಕೇಳೋಣ. ಗಾಳಿ ಅದರ ಇಕ್ಕಟ್ಟಾದ ಕೊರಳಿನಲ್ಲಿ ಹಾಯುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಬರೆದಿಟ್ಟ ತತ್ವ ಇದು. ಆ ಇಳಿದ ಒತ್ತಡವೇ ಬಟ್ಟಲಿನಿಂದ ಪೆಟ್ರೋಲನ್ನು ಮೇನ್ ಜೆಟ್ ಎನ್ನುವ ಸಣ್ಣ ತೂತಿನ ಹಿತ್ತಾಳೆ ತುಂಡಿನ ಮೂಲಕ ಎಳೆಯುತ್ತದೆ. ಆದರೆ ಸ್ಲೋದಲ್ಲಿ, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಕೊರಳಿನಲ್ಲಿ ಗಾಳಿಗೆ ವೇಗವೇ ಇರುವುದಿಲ್ಲ. ಅದಕ್ಕೇ ಬಾಗಿಲಿನ ಆಚೆ, ಎಂಜಿನ್ ಎಳೆತ ಜೋರಾಗಿರುವಲ್ಲಿ, ಸ್ಲೋ ಜೆಟ್‌ನ ಪೆಟ್ರೋಲಿಗೆ ಬೇರೆಯೇ ದಾರಿ ಮಾಡಿದ್ದಾರೆ. ಆ ಜೆಟ್ಟಿನ ತೂತು ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು. ಗೋಂದು ಮೊದಲು ಮುಚ್ಚುವುದು ಅದನ್ನೇ.

ಹಾಗಾಗಿ, ಸ್ಲೋದಲ್ಲಿ ನಡುಗಿ, ರೇಸ್ ಕೊಟ್ಟ ಮೇಲೆ ನಯವಾಗಿ ಓಡಿದರೆ ಅನುಮಾನ ಸ್ಲೋ ಜೆಟ್ ಮೇಲೆ. ಸ್ಲೋದ ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಿರುಗಿಸಿ ನೋಡಿ. ಎಂಜಿನ್ ಸದ್ದು ಬದಲಾಗದಿದ್ದರೆ ದಾರಿ ಕಟ್ಟಿದೆ. ಆದರೆ ಎಲ್ಲೋ ಜೋಡಣೆಯ ನಡುವಿನ ಗ್ಯಾಸ್ಕೆಟ್ ಪದರ ಒಣಗಿ ಕಳ್ಳ ಗಾಳಿ ನುಗ್ಗಿದರೂ ಲಕ್ಷಣ ಹೀಗೇ ಇರುತ್ತದೆ. ಸ್ಲೋದಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಕಳ್ಳ ಗಾಳಿಯ ಪಾಲು ಅದರಲ್ಲಿ ದೊಡ್ಡದಾಗುತ್ತದೆ. ಜೋರಾಗಿ ಓಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಗ್ಯಾಸ್ಕೆಟ್ ಜಾಗಕ್ಕೆ ಸೋಪಿನ ನೀರು ಚಿಮುಕಿಸಿ. ಸದ್ದು ಒಂದು ಕ್ಷಣ ಬದಲಾದರೆ ಕಳ್ಳ ಸಿಕ್ಕಿದ.

ಗಾಳಿಯನ್ನು ತಡೆಯುವ ಚೋಕ್ ಅರ್ಧ ಎಳೆದಾಗ ಸುಧಾರಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ. ಚೋಕ್ ಎಳೆದಾಗ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ. ಬಟ್ಟಲಿನ ಮಟ್ಟ ಕಾಯುವ ಫ್ಲೋಟ್ ತೂತಾಗಿ ಮುಳುಗಿದೆ, ಇಲ್ಲವೇ ಪೆಟ್ರೋಲ್ ತಡೆಯುವ ಸೂಜಿ ವಾಲ್ವ್ ಗೋಂದಿಗೆ ಅಂಟಿ ತೆರೆದೇ ಉಳಿದಿದೆ. ಆಕ್ಸಿಲರೇಟರ್ ಗಕ್ಕನೆ ಒತ್ತಿದಾಗ ಮಾತ್ರ ಕೆಮ್ಮಿದರೆ, ಆಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ವಾಷರ್ ಒಣಗಿದೆ. ಬಯಲಲ್ಲಿ ಚೆನ್ನಾಗಿ ಓಡಿ, ದೇವಿಮನೆ ಘಟ್ಟ ಹತ್ತುವಾಗ ಸೋತು ನಿಂತರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿದರೆ, ಟ್ಯಾಂಕ್ ಉಸಿರಾಡುವ ತೂತು ಮುಚ್ಚಿದೆ. ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಜೆಟ್ ಬಿಚ್ಚಿದಿರಿ ಎನ್ನಿ. ಒಂದೇ ಒಂದು ವಿನಂತಿ, ಸೂಜಿಯನ್ನೋ ಉಕ್ಕಿನ ತಂತಿಯನ್ನೋ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ತೂತಿನ ಅಗಲ ಶೇಕಡಾ 10 ಹೆಚ್ಚಿದರೆ ಅದರ ವಿಸ್ತೀರ್ಣ ಶೇಕಡಾ 21 ಹೆಚ್ಚುತ್ತದೆ. ಹಾಳಾದ ಜೆಟ್ ಮತ್ತೆ ಮೊದಲಿನಂತಾಗದು. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿಟ್ಟು, ಸಪೂರ ನೈಲಾನ್ ಗಾಳದ ದಾರ ತೂರಿಸಿ, ಆಮೇಲೆ ಉಲ್ಟಾ ದಿಕ್ಕಿನಿಂದ ಗಾಳಿ ಹೊಡೆಸಿ. ಆ ದಾರ ಕಾರವಾರದ ಮೀನು ಪೇಟೆಯ ಆಸುಪಾಸಿನ ಅಂಗಡಿಗಳಲ್ಲಿ ಸಿಗುತ್ತದೆ.

ಎಲ್ಲ ಸರಿಮಾಡಿದರೂ ಎಂಜಿನ್ ಕೊಂಚ ಬಿಸಿಯಾಗಿ, ಸಣ್ಣಗೆ ಎಳೆದಾಡಿದರೆ ಅದಕ್ಕೂ ಕಾರಣ ಇದೆ. ಬರಿ ಪೆಟ್ರೋಲ್ 1 ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು. ಶೇಕಡಾ 20 ಬೆರೆತ ಪೆಟ್ರೋಲಿಗೆ ಸುಮಾರು 13.5. ಹಳೆಯ ಜೆಟ್‌ಗೆ ಇದು ಗೊತ್ತಿಲ್ಲ, ಮೊದಲಿನಷ್ಟೇ ಕೊಡುತ್ತದೆ. ಅಂದರೆ ಇಂಧನ ಸುಮಾರು ಶೇಕಡಾ 8 ಕಡಿಮೆ ಬಿದ್ದಂತೆ. ಒಂದು ಅಳತೆ ದೊಡ್ಡ ಜೆಟ್ ಹಾಕಿಸುವುದು ಇದಕ್ಕೆ ನ್ಯಾಯವಾದ ಪರಿಹಾರ. ಕಾರವಾರದಲ್ಲಿ ಟ್ಯೂನ್ ಮಾಡಿದ ಗಾಡಿ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಹೋದರೆ ಗಾಳಿ ತೆಳುವಾಗಿ ಕೊರತೆ ತುಸು ತುಂಬುತ್ತದೆ, ಪೂರ್ತಿ ಅಲ್ಲ.

ಎಂಜಿನ್ ನಯವಾಯಿತು ಎಂದು ಕೂಡಲೇ ಘಟ್ಟ ಇಳಿಸಬೇಡಿ. ಬ್ರೇಕ್ ಆಯಿಲ್ ಕೂಡ ಎಥನಾಲ್ ಹಾಗೇ ತೇವ ಎಳೆಯುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮ ಇದೆ. ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ದೇವಿಮನೆಯ ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಆ ನೀರು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಹಳೆಯ ಆಯಿಲ್ ಪೂರ್ತಿ ತೆಗೆದು, ನಾಲ್ಕೂ ಚಕ್ರದ ಸಿಲಿಂಡರ್ ಬಿಚ್ಚಿ ತುಕ್ಕು ನೋಡಿ, ಹೊಸ ರಬ್ಬರ್ ಹಾಕಿಸಿ. ಮೊದಲ ಓಡಾಟ ಅಂಕೋಲಾ ಬಯಲಲ್ಲಿ, ಖಾಲಿ ತೊಟ್ಟಿಯಲ್ಲಿ ಇರಲಿ.